ಮೂಗಿನ ಲೆಕ್ಕ

ರೋಹಿದಾಸ, ಆ ಬಂಗಾರದ ಬಣ್ಣದ ಪೆಟ್ಟಿಗೆ ಅಲ್ಲೇ ಕೆಳಗಿಡು.
ಅದರ ರೂಪಾಯಿಯಲ್ಲಿ ನಾಲ್ಕಾಣೆ ರಟ್ಟಿಗೆ,
ನಾಲ್ಕಾಣೆ ಬಾಟಲಿಯ ಸೊಂಟದ ಬಳುಕಿಗೆ,
ಆರಾಣೆ ಸರಕಾರಕ್ಕೆ.
ನಿನ್ನ ಗಂಟಲಿಗೆ ಇಳಿಯುವುದು ಬರೇ ಎರಡಾಣೆ.

ನಾನು ಕಲಿತದ್ದು ಕುಡಿದಲ್ಲ, ಚೆಲ್ಲಿ.
ಮಾಜಾಳಿ ನಾಕೆಯಲ್ಲಿ ಇಪ್ಪತ್ತೊಂಬತ್ತು ವರ್ಷ
ಅಬಕಾರಿ ಗಾರ್ಡು.
ಬಸ್ಸಿನ ಸೀಟಿನಡಿಯಿಂದ, ಬಂಗಡೆ ಬುಟ್ಟಿಯ ಐಸಿನೊಳಗಿಂದ,
ಮದುಮಗನ ಸೂಟ್‌ಕೇಸಿನಿಂದ,
ಒಮ್ಮೆ, ನಂಬು, ತಬಲದ ಹೊಟ್ಟೆಯಿಂದ
ಎಳೆದೆಳೆದು ತೆಗೆದು ಸಾಲಾಗಿ ನಿಲ್ಲಿಸಿ
ಪಂಚನಾಮೆ ಮುಗಿದ ಮೇಲೆ ಸಾಹೇಬರೆದುರು
ಒಂದೊಂದೇ ಮುಚ್ಚಳ ತಿರುಗಿಸಿ
ಹಿತ್ತಿಲ ಹೊಂಡಕ್ಕೆ ಸುರಿದದ್ದು.
ಇಷ್ಟು ಬಗೆಯ ಸ್ಕಾಚು ಯಾವ ಕುಬೇರನೂ ಮೂಸಿರಲಿಕ್ಕಿಲ್ಲ,
ಅದೂ ಗಾರ್ಡಿನ ಸಂಬಳದಲ್ಲಿ.

ಹೊಂಡ ಎಲ್ಲವನ್ನೂ ಒಂದೇ ಸಮ ಕುಡಿಯುತ್ತಿತ್ತು.
ಮೂಗು ಮಾತ್ರ ಬೇರೆ ಬೇರೆ ಖಾತೆ ತೆರೆಯಿತು.

ಬರೆದುಕೋ. ಬೇಡ, ನೆನಪಿಟ್ಟರೆ ಸಾಕು.
ಬಣ್ಣಕ್ಕೆ ಮರುಳಾಗಬೇಡ, ಸುಟ್ಟ ಸಕ್ಕರೆಗೂ ಅದೇ ಬಣ್ಣ.
ಲೇಬಲ್ಲಿನ ಮೇಲೆ ಕೋಟೆಯಿರಲಿ, ಕುದುರೆಯಿರಲಿ,
ಗಡ್ಡದ ದೊರೆಯೇ ಇರಲಿ,
ಹಿಂದೆ ತಿರುಗಿಸಿ ಸಣ್ಣಕ್ಷರ ಓದು:
ಬಹುಪಾಲು ನಮ್ಮ ಕಾಕಂಬಿಯ ಮಕ್ಕಳೇ.
ಸಂಬಳದ ವಾರ ಅಂಗಡಿ ಹತ್ತಬೇಡ,
ಜೇಬು ಬಿಸಿಯಿದ್ದಾಗ ಮೂಗು ಕೆಲಸ ಮಾಡುವುದಿಲ್ಲ.
ಕ್ಯಾಂಟೀನಿನ ರಮ್ಮು ಬೇಕೆ?
ಮಾಜಿ ನಾವಿಕ ತುಳಸು ತಾಂಡೇಲನ ಜೊತೆ ಇಸ್ಪೀಟು ಆಡು,
ಸೋಲು. ಗೆದ್ದವನ ಕೈ ಉದಾರ.

ಇನ್ನು ಫೆಣಿ.
ಬಾಟಲಿ ಕುಲುಕು. ಮಣಿ ಎದ್ದು ಸರವಾಗಿ
ಒಂದು ಉಸಿರಿನ ಹೊತ್ತು ನಿಲ್ಲಬೇಕು.
ಅಂಗೈಗೆ ಎರಡು ಹನಿ, ಉಜ್ಜು, ತಾಳು.
ಅಮಲು ಹಾರಿಹೋಗುತ್ತದೆ.
ಆಮೇಲೆ ಉಳಿಯುವುದು ಹಣ್ಣೋ, ಪಾಲಿಶ್ ಅಂಗಡಿಯೋ,
ಅಷ್ಟೇ ಪ್ರಶ್ನೆ.

ಒಂದು ಏಪ್ರಿಲ್. ಪಿಯೆದಾದ್ ಬಾಯಿ, ಲೋಲಿಯೆಂ ಕಡೆಯವಳು,
ಚಿತ್ತಾಕುಲದ ಬಾಣಂತಿ ಮಗಳ ಮೈಗೆ ಉಜ್ಜಲೆಂದು
ಕೆಮ್ಮಿನ ಔಷಧದ ಬಾಟಲಿಯಲ್ಲಿ ತಂದಿದ್ದಳು.
ಸಾಹೇಬರು ಹೊಸಬರು.
ಕಾನೂನಿಗೆ ದೊಡ್ಡ ಬಾಟಲಿ ಸಣ್ಣ ಬಾಟಲಿ ಅಂತಿಲ್ಲ ಅಂದರು.
ಸುರಿದೆ.

ಏನು ಹೇಳಲಿ ನಿನಗೆ.
ಗೇರುಹಣ್ಣು ಉದುರಿ ಬಿಸಿಲಿಗೆ ಬಿರಿದ ಗುಡ್ಡ,
ಮಣ್ಣಿನ ಮಡಕೆ, ಹಸಿ ಸೌದೆಯ ಹೊಗೆ,
ಯಾರದೋ ಅವಸರವಿಲ್ಲದ ಕೈ,
ಎಲ್ಲಾ ಒಟ್ಟಿಗೆ ಹೊಂಡದಿಂದ ಎದ್ದು ನಿಂತವು.
ಆಕೆ ಬೈಯಲಿಲ್ಲ.
ಖಾಲಿ ಬಾಟಲಿ ಕೇಳಿ ತೆಗೆದುಕೊಂಡಳು,
ವಾಸನೆಯಾದರೂ ಇರಲಿ ಎಂಬಂತೆ
ಬೂಚು ಬಿಗಿದಳು.

ಆ ರಾತ್ರಿ ಹೆಂಡತಿ ನನ್ನ ತೋಳು ಮೂಸಿ
'ಇವತ್ತು ಕುಡಿದದ್ದು ಒಳ್ಳೇದಿತ್ತು' ಅಂದಳು.
ಕುಡಿದಿರಲಿಲ್ಲ, ಮಾರಾಯ.

ಈಗ ಪಿಂಚಣಿ. ಮಾರ್ಚ್ ಬಂತೆಂದರೆ
ಏಳೂವರೆಯ ಬಸ್ಸು, ಮುನ್ನೂರು ರೂಪಾಯಿ,
ತೊಳೆದು ಒಣಗಿಸಿದ ಒಂದು ಔಷಧದ ಬಾಟಲಿ.
ಪೋಳೆಂನ ಮಿಣುಕು ದೀಪದ ಅಂಗಡಿ ದಾಟಿ
ಗುಡ್ಡದೊಳಗಿನ ಭಟ್ಟಿಗಳ ಮುಂದೆ ಅಂಗೈ ಚಾಚುತ್ತೇನೆ,
ಪ್ರಸಾದಕ್ಕೆ ಚಾಚಿದ ಹಾಗೆ.
ಅದು ಸಿಕ್ಕಿಲ್ಲ.
ಅದರ ತಂಗಿ ಸಿಕ್ಕಿದ್ದಾಳೆ, ಸೋದರತ್ತೆ ಸಿಕ್ಕಿದ್ದಾಳೆ,
ಎಲ್ಲರೂ ನಿನ್ನ ಪೆಟ್ಟಿಗೆಯ ರಟ್ಟಿಗಿಂತ ಅಗ್ಗಕ್ಕೆ.

ಹೋದ ವಾರ ಬರುವಾಗ ನಾಕೆಯಲ್ಲಿ
ಮೀಸೆ ಸರಿಯಾಗಿ ಮೂಡದ ಹುಡುಗನೊಬ್ಬ
ಚೀಲಕ್ಕೆ ಕೈ ಹಾಕಿದ.
'ಏನಜ್ಜ ಇದು?'
ನನ್ನದೇ ಖಾಕಿ, ನನ್ನದೇ ಬಾಗಿಲು, ಅದೇ ಹೊಂಡ.
'ಕೈ ಹಿಡಿ' ಅಂದೆ.
ಎರಡು ಹನಿ. 'ಉಜ್ಜು. ತಾಳು. ಈಗ ಮೂಸು.'

ಡ್ರೈವರು ಎರಡು ಸಲ ಹಾರ್ನ್ ಹಾಕಿದ.
ಹುಡುಗ ಮುಖದಿಂದ ಅಂಗೈ
ಇನ್ನೂ ಇಳಿಸಿರಲಿಲ್ಲ.