ಬಲಗಣ್ಣಿಗೆ ಎಂಟು ಹೊಲಿಗೆ

ಅಗರವಾಡದ ಉಪ್ಪಿನಾಗರದಲ್ಲಿ
ಇಪ್ಪತ್ತೆರಡು ಬೇಸಿಗೆ ಬಿಳಿಯನ್ನೇ ನೋಡಿದ ಕಣ್ಣು ಇವರದು.
ಮೂಗಿನ ಕಡೆಯಿಂದ ಹೊರಟ ದುರ್ಮಾಂಸ
ಪಾಪೆಯ ಅಂಚಿಗೆ ಬಂದು ಕೂತಿತ್ತು,
ಕಟ್ಟೆ ಒಡೆದು ಪಕ್ಕದ ಪಾತಿಗೆ ನುಗ್ಗಿದ ಕೆಸರಿನ ಹಾಗೆ.

ಹೋದ ವರ್ಷ ಬಲಗಣ್ಣು, ಮಾಪುಸಾದಲ್ಲಿ.
ಮುದಿ ಡಾಕ್ಟರ ಮೇಲ್ರೆಪ್ಪೆಯಡಿಯಿಂದ
ಈರುಳ್ಳಿ ಪೊರೆಯಷ್ಟು ತೆಳ್ಳಗೆ ಬಿಡಿಸಿ
ಕೆರೆದ ಜಾಗಕ್ಕೆ ತೇಪೆ ಹಾಕಿದ.
"ಎಷ್ಟು ಹೊಲಿಗೆ?" ಅಂದೆ. "ಎಂಟು."
"ಯಾವ ದಾರ?" ನಕ್ಕ.
"ನಿನ್ನ ಕೌದಿ ಸೂಜಿಗೆ ಸಿಗೋದಲ್ಲ, ಬಾಯಿ."

ಮೂರು ವಾರ ಕಣ್ಣೊಳಗೆ ಎಂಟು ಹರಳುಪ್ಪು.
ಸಾರು ಸಪ್ಪೆಯಾದರೂ
ಇವರು ಬಯ್ದದ್ದು ಆ ದಾರವನ್ನೇ.
ತೇಪೆ ಮಾತ್ರ ಅಲ್ಲಾಡಲಿಲ್ಲ.

ಈ ವರ್ಷ ಎಡಗಣ್ಣು. ಹೊಸ ಡಾಕ್ಟರು ವೆನಿಶಾ,
ದಾರವೇ ಬೇಡ ಅಂದಳು. ಅಂಟು ಬರುತ್ತದೆ, ದುಬಾರಿ.
ಬೊಮ್ಮಯ್ಯನ ರಕ್ತವೇ ಸಾಕು:
ಒಸರಿದ್ದರ ಮೇಲೆ ತೇಪೆ ಹರಡಿ
ಹತ್ತು ನಿಮಿಷ ಒತ್ತಿ ಹಿಡಿದರೆ
ಮೊಸರಿನ ಹಾಗೆ ಹೆಪ್ಪುಗಟ್ಟುತ್ತದಂತೆ.
"ಅಡಿಮೇಲಾದರೆ?"
ಹೊರಮೈ ಗುರುತಿಗೆ ನೇರಳೆ ಶಾಯಿಯ ಚುಕ್ಕೆ ಇಡುತ್ತಾಳಂತೆ.
ಅಲ್ಲಿಗೆ ನನಗೆ ಅವಳ ಮೇಲೆ ನಂಬಿಕೆ ಬಂತು.

ರಾತ್ರಿ ಉಜ್ಜಬಾರದು, ಉಜ್ಜಿದರೆ ಜಾರುತ್ತದೆ.
ನಿದ್ದೆಯಲ್ಲಿ ಇವರ ಕೈ ಇವರ ಮಾತು ಕೇಳುವುದಿಲ್ಲ.
ಸೆರಗಿನ ತುದಿಯನ್ನು ಮಣಿಕಟ್ಟಿಗೆ ಕಟ್ಟಿದೆ,
ಮೂರು ರಾತ್ರಿ.
ಜಗ್ಗಿದಾಗಲೆಲ್ಲ ಎಚ್ಚರ,
ಎಚ್ಚರಾದಾಗಲೆಲ್ಲ ಶಾಪೊರಾ ಹೊಳೆಗೆ
ಭರತ ಏರುವ ಸದ್ದು.

ನಾಲ್ಕನೆಯ ದಿನ ನೋಡಿದರೆ
ಒಂದು ಅಂಚು ಕೂದಲೆಳೆಯಷ್ಟು ಸರಿದಿತ್ತು.
"ಪರವಾಗಿಲ್ಲ, ತುಂಬಿಕೊಳ್ಳುತ್ತೆ."
ಇವರಿಗೆ ಹಬ್ಬ. ಚುಚ್ಚುವುದಿಲ್ಲ, ನೀರು ಸೋರುವುದಿಲ್ಲ,
ಎಡಗಣ್ಣೇ ವಾಸಿ ಅಂತ
ಸಾಣಿಕಟ್ಟೆಯ ತಮ್ಮನಿಗೂ ಫೋನು.

ಯಾವುದು ಮೇಲು ಅಂತ ನನ್ನನ್ನು ಯಾರೂ ಕೇಳಲಿಲ್ಲ.
ಕೇಳಿದ್ದರೆ, ನಾನು ದಾರದ ಪಕ್ಷ.
ದಾರ ಹಾಕಿದ ಮೇಲೆ
ಮನೆಯವರೂ ಮಲಗಬಹುದು.

ಶುಕ್ರವಾರದ ಸಂತೆಯಲ್ಲಿ ನೂರೈವತ್ತು ಕೊಟ್ಟು ತಂದ
ಕಪ್ಪು ಕನ್ನಡಕ ಮೊಳೆಗೆ ನೇತಾಡುತ್ತಿದೆ.
ಇವರು ಆಗಲೇ ಆಗರದಲ್ಲಿ,
ಹತ್ತೂವರೆಯ ಬಿಸಿಲು.
ಒಲೆ ಆರಿಸಿ, ಅದನ್ನು ಹಿಡಿದು ಹೊರಟೆ.