ಕೆಚ್ಚು

ಗುಳೇದಗುಡ್ಡದ ಮಿಶನ್ ಓಣಿಯಲ್ಲಿ
ಬುಧವಾರ ಸಂಜೆ ಏಳಕ್ಕೆ ಮಗ್ಗ ನಿಲ್ಲುತ್ತವೆ.
ನಿಂತ ಮೇಲೂ ಸ್ವಲ್ಪ ಹೊತ್ತು
ಕಿವಿಯೊಳಗೆ ಲಾಳಿ ಓಡಾಡುತ್ತಿರುತ್ತದೆ.

ಚಾಪೆ ಒಂದು, ಜಮಖಾನ ಒಂದು. ಒಂಬತ್ತು ಜನ,
ಮಳೆ ಬಂದರೆ ಆರು.
ನಾನು ಬಾಗಿಲ ಹತ್ತಿರ, ಚಹಾದ ಲೋಟ ಎಣಿಸುವವಳು.
ಮೊದಲು ವಾರದ ಅಧ್ಯಾಯ, ಪಾಳಿಯಂತೆ ಒಬ್ಬೊಬ್ಬರು;
ಆಮೇಲೆ ಹನೋಕ ಮಾಸ್ತರರು
ಕೈಚೀಲದಿಂದ ನೂರು ಪುಟದ ನೋಟ್‌ಬುಕ್ ತೆಗೆಯುತ್ತಾರೆ.

ಇಂಗ್ಲಿಷಿನಿಂದ ವಾರಕ್ಕೊಂದೇ ಪುಟ,
ಹೈಸ್ಕೂಲಿನ ದುಂಡು ಅಕ್ಷರದಲ್ಲಿ ಕನ್ನಡಕ್ಕಿಳಿಸಿದ್ದು:
ಅಪೊಸ್ತಲರು ಕಣ್ಮುಚ್ಚಿ ಎರಡು ಮೂರು ತಲೆ ಕಳೆದ ಮೇಲೆ
ಯಾವುದೋ ಬಂದರಿನ ಊರಿನವರು
ಇನ್ಯಾವುದೋ ಊರಿನವರಿಗೆ ಬರೆದ ಕಾಗದ.

ಮೊದಲ ವಾರವೇ ಫಿಲೆಮೋನ ತಡೆದಿದ್ದ:
‘ಇದು ಬೈಬಲ್‌ದಾಗ ಇಲ್ಲಲ್ರಿ ಸರ?
ಇಲ್ಲದ್ದನ್ನ ಯಾಕ ಓದಬೇಕು?’
ಮಾಸ್ತರರು ಕನ್ನಡಕ ಒರೆಸುತ್ತ ಕೂತರು. ಉತ್ತರ ಹೊಳೆಯಲಿಲ್ಲವೋ,
ಹೊಳೆದದ್ದು ಬಾಯಿಗೆ ಬರಲಿಲ್ಲವೋ.
ಹೇಳಿದ್ದು ತಬಿಥವ್ವ, ಓದು ಬರದಾಕಿ,
ಐವತ್ತು ವರ್ಷ ಕೆಚ್ಚಿದ ಬೆರಳಿನಾಕಿ:

‘ಖಣ ಮುಗದ ಮ್ಯಾಲೆ ಹಾಸು ಪೂರ್ತಿ ಕತ್ತರಸ್ತೀಯೇನು ತಮ್ಮಾ?
ಗೇಣುದ್ದ ತುದಿ ಹಣಿಗಿಯೊಳಗ ಬಿಟ್ಟಿರತೀವಿ.
ಹೊಸ ಹಾಸು ಬಂದಾಗ
ಆ ಹಳೇ ಎಳಿಗೆ ಈ ಹೊಸ ಎಳಿ, ಒಂದಕ್ಕೊಂದು,
ಬೂದಿ ಹಚ್ಚಿದ ಬೆರಳಾಗ ಹೊಸೆದು ಕೆಚ್ಚತೀವಿ.
ತುದಿ ಬಿಡದಿದ್ರ
ಮತ್ತ ಮೊದಲಿಂದ ಎರಡು ಸಾವಿರ ಕಣ್ಣಿಗೆ ಎಳಿ ಪೋಣಸಬೇಕು.
ಇವು ಆ ಬಿಟ್ಟ ತುದಿ. ಓದ್ರಿ ಮಾಸ್ತರ.’

ಅಂದಿನಿಂದ ಯಾರೂ ಕೇಳಲಿಲ್ಲ. ಫಿಲೆಮೋನನೂ ಬರುತ್ತಾನೆ,
ಗೋಡೆಗೆ ಒರಗಿ, ಒಪ್ಪಿದೆನೆಂದು ತೋರಿಸದೆ.

ಆ ಕಾಗದದವರೂ ನಮ್ಮಂಥವರೇ ಅನಿಸುತ್ತದೆ.
ಬೆಳಗಾಗುವ ಮೊದಲು ಕೂಡುತ್ತಿದ್ದರಂತೆ,
ಆಮೇಲೆ ಕೆಲಸಕ್ಕೆ.
ರೊಟ್ಟಿ ಹಂಚಿ, ಬಾರದವರ ಪಾಲು ಮನೆಗೆ ಕಳಿಸುತ್ತಿದ್ದರಂತೆ.
ಇದನ್ನು ಕೇಳಿದ ವಾರ ಸುಲೋಚನ ಕಮತಗಿ
ಒಂದು ಮಾತಾಡದೆ ಎದ್ದು,
ಉಳಿದ ಮಾದ್ಲಿ ಡಬ್ಬಿಗೆ ತುಂಬಿ
ಹಾಸಿಗೆ ಹಿಡಿದ ಯೋಬಪ್ಪನ ಮನೆಗೆ ನಡೆದಳು.
ಆವತ್ತು ಪ್ರಾರ್ಥನೆ ಅವಳಿಲ್ಲದೆ ಮುಗಿಯಿತು.
ಅಥವಾ ಅವಳೊಬ್ಬಳೇ ಮುಗಿಸಿದಳು.

ಕಳೆದ ಬುಧವಾರ ಮಾಸ್ತರರು ಓದುತ್ತ ಓದುತ್ತ ನಿಂತರು.
‘ಇಲ್ಲಿ ಮೂಲ ಹರಿದಿದೆ’ ಎಂದು ಪೆನ್ಸಿಲಿನಲ್ಲಿ ಬರೆದು
ಮೂರು ಸಾಲು ಖಾಲಿ ಬಿಟ್ಟಿದ್ದರು.
ಕೆಳಗೆ ಒಂದೇ ಮಾತು: ‘ಇವರಿಗಾಗಿಯೂ.’
ಯಾರಿಗಾಗಿ? ಹೆಸರಿದ್ದವು, ಹೋಗಿವೆ.
‘ಹುಳ ತಿಂದಿರಬೇಕು,’ ಅಂದರು, ತಪ್ಪು ತಮ್ಮದೇ ಎಂಬಂತೆ.

ಕರೆಂಟೂ ಆಗಲೇ ಹೋಯಿತು.

ಕತ್ತಲಲ್ಲಿ ತಬಿಥವ್ವ: ‘ಎಷ್ಟು ಸಾಲು ಖಾಲಿ ಅಂದ್ರಿ?’
‘ಮೂರು.’
‘ಯೋಬಪ್ಪ,’ ಅಂದಳು ಆಕೆ.
ಸ್ವಲ್ಪ ಹೊತ್ತಿನ ಮೇಲೆ ಇನ್ಯಾರೋ:
‘ಬಾಗಲಕೋಟಿ ದವಾಖಾನಿಯೊಳಗಿರೋ ನಮ್ಮ ಹುಡುಗಿ.’
‘ಎದುರು ಮನಿ ಬಸಲಿಂಗವ್ವ. ಆಕಿ ನಮ್ಮ ಸಭೆಯಾಕಿ ಅಲ್ಲ, ಆದ್ರೂ.’
‘ಆದ್ರೂ,’ ಎಂದರು ಮೂರ್ನಾಲ್ಕು ಜನ.
ಹೆಸರು ಮೂರು ಸಾಲು ದಾಟಿ ಅಂಚಿಗೆ ಬಂದವು.

ಕೊನೆಗೆ ಗೋಡೆಯ ಕಡೆಯಿಂದ ಫಿಲೆಮೋನನ ದನಿ,
ಎರಡು ವರ್ಷದಿಂದ ಮಾತು ಬಿಟ್ಟ ಅಣ್ಣನ ಹೆಸರು.
ಬರೀ ಹೆಸರು.

ಲೈಟು ಬಂದಾಗ ನೋಟ್‌ಬುಕ್ಕು ತೆರೆದೇ ಇತ್ತು,
ಆ ಮೂರು ಸಾಲು ಹಾಗೇ ಬೆಳ್ಳಗೆ.
ಮಾಸ್ತರರು ಪೆನ್ನಿನ ಕ್ಯಾಪು ತೆಗೆದರು, ಮತ್ತೆ ಹಾಕಿದರು.
ತಬಿಥವ್ವ ಹೆಬ್ಬೆರಳು ತೋರುಬೆರಳು
ಸುಮ್ಮನೆ ಉಜ್ಜಿಕೊಳ್ಳುತ್ತಿದ್ದಳು,
ಬೂದಿ ಇಲ್ಲದೆ.