ಬಹುದು

ಫೆಬ್ರವರಿ. ತಾಲಿನ್ನಿನ ಹಳೆಯ ಕಟ್ಟಡ, ಮೂರನೆಯ ಮಹಡಿ.
ಹೊರಗೆ ಹಿಮ ಕೆರೆಯುವ ಸಲಿಕೆಯ ಸದ್ದು.
ಮೇಜಿನ ಮೇಲೆ ಆಕಾಶದಿಂದ ತೆಗೆದ ಚಿತ್ರ:
ಗಡಿಯಾಚೆಯ ಊರು, ರೈಲು ಹಳಿ, ಅರವತ್ತೆರಡು ಬೋಗಿ,
ಬಿಳಿಯ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಡೇರೆ.

ನಾನು ಬರೆದೆ: ದಾಳಿ ಖಚಿತ.
ಇಪ್ಪತ್ತಾರು ವರ್ಷ ನನಗೆ. ಖಚಿತ ಅನ್ನುವ ಪದ
ಹೊಸ ಬೂಟಿನ ಹಾಗೆ ಸದ್ದು ಮಾಡುತ್ತಿತ್ತು.

ಉರ್ವೆ ಓದಿದಳು. ಚಹಾ ಮುಗಿಸಿದಳು. ಆಮೇಲೆ ಕೇಳಿದಳು:
"ಬರೀ ಕವಾಯತಾಗಿದ್ದರೆ ಡೇರೆ ಇರುತ್ತಿರಲಿಲ್ಲವೇ?"
ಇರುತ್ತಿತ್ತು.
"ಬೆದರಿಸುವುದಕ್ಕಷ್ಟೇ ಬಂದಿದ್ದರೆ?"
ಆಗಲೂ.
"ಎಲ್ಲ ಕಥೆಗೂ ತಲೆಯಾಡಿಸುವ ಸಾಕ್ಷಿಯನ್ನು
ಕಟಕಟೆಯಿಂದ ಇಳಿಸು, ತಾನೆಲ್."

ಹಾಳೆಗೆ ಗೆರೆ ಎಳೆದಳು. ಅಡ್ಡಕ್ಕೆ ಊಹೆ ಮೂರು,
ಉದ್ದಕ್ಕೆ ನಾವು ಕಂಡದ್ದು, ಕೇಳಿದ್ದು.
ಯಾವುದು ಗೆದ್ದಿತು ಎಂದಲ್ಲ,
ಯಾವುದು ಇನ್ನೂ ಸೋತಿಲ್ಲ ಎಂದು ನೋಡಬೇಕಂತೆ.
ಮುದ್ದಿನ ಊಹೆಗೇ ಮೊದಲ ಪೆಟ್ಟು ಹಾಕಬೇಕಂತೆ.

ವರದಿಗಳು ಐದಿದ್ದವು. ಐದೂ ಒಂದೇ ಮಾತು.
ನನಗೆ ಅದೇ ಧೈರ್ಯ. ಅವಳು ಒಂದೊಂದನ್ನೂ
ನೂಲಿನ ಹಾಗೆ ಹಿಂದಕ್ಕೆ ಎಳೆಯುತ್ತ ಕೂತಳು, ಸಂಜೆಯವರೆಗೆ.
ಪತ್ರಿಕೆಗೆ ಹೇಳಿದ್ದು ರಾಯಭಾರಿ, ರಾಯಭಾರಿಗೆ ಒಬ್ಬ ವರ್ತಕ,
ಮಿತ್ರದೇಶದವರು ನಮ್ಮಿಂದಲೇ ಕೇಳಿ ನಮಗೇ ಹೇಳಿದ್ದರು.
ಎಲ್ಲ ಎಳೆಯ ತುದಿಗೂ ಕೂತಿದ್ದವನು ಒಬ್ಬನೇ:
ಹೊಗೆಮೀನು ಸಾಗಿಸುವ ಲಾರಿ ಡ್ರೈವರ್.
ಅವನೂ ಕಂಡದ್ದಲ್ಲ, ಪೆಟ್ರೋಲ್ ಬಂಕಿನಲ್ಲಿ ಯಾರೋ ಅಂದರಂತೆ.
ಒಂದು ಅಂತೆಯ ಮೇಲೆ ಐದು ಸರ್ಕಾರಿ ಮೊಹರು.

"ಇನ್ನು," ಅಂದಳು, "ಇರಬೇಕಾದದ್ದರಲ್ಲಿ ಯಾವುದು ಇಲ್ಲ?"
ಇಲ್ಲದ್ದನ್ನು ಹೇಗೆ ನೋಡುವುದು?
ಮೂರು ರಾತ್ರಿ ಕಣ್ಣು ಸವೆಸಿದೆ.
ರಕ್ತ ತಣ್ಣಗಿಡುವ ಗಾಡಿ ಇಲ್ಲ.
ಇಂಧನದ ಟ್ಯಾಂಕರು ಬಂದದ್ದಕ್ಕಿಂತ ಹೋದದ್ದು ಹೆಚ್ಚು.
ಮತ್ತೆ, ಅಲ್ಲಿನ ಅಧಿಕಾರಿಗಳ ಮಕ್ಕಳ ಶಿಶುವಿಹಾರ
ಚೀಟಿ ಅಂಟಿಸಿತ್ತು: ಇಪ್ಪತ್ತೆರಡಕ್ಕೆ ನೃತ್ಯ,
ಅಪ್ಪಂದಿರು ತಪ್ಪದೆ ಬರಬೇಕು,
ಮೊಲದ ಕಿವಿ ಮನೆಯಲ್ಲೇ ಹೊಲಿದು ಕಳಿಸಬೇಕು.

ಹಾಗಾದರೆ ದಾಳಿ ಇಲ್ಲ! ಎಂದು ಎದ್ದು ನಿಂತೆ.
ಉರ್ವೆ ನಗಲಿಲ್ಲ. "ನಿನ್ನ ಖಚಿತ ಮಗ್ಗುಲು ಬದಲಿಸಿತು, ಅಷ್ಟೆ.
ನಾವು ನೋಡುತ್ತೇವೆಂದು ಬಲ್ಲವನು
ಮೊಲದ ಕಿವಿಯನ್ನೂ ಹೊಲಿಸಬಲ್ಲ."

ಆಮೇಲೆ, ಕೇಳದೆಯೇ, ಹೇಳಿದಳು.
ಹದಿನೇಳು ವರ್ಷದ ಹಿಂದೆ, ದೂರದೇಶದ ಮಣ್ಣುರಸ್ತೆ,
ನಮ್ಮ ಹುಡುಗರ ಎರಡು ಜೀಪು.
ಅಪಾಯ ಇರಬಹುದು, ಎಂದು ಬರೆದಿದ್ದಳು.
ಅವಳ 'ಬಹುದು' ನೂರಕ್ಕೆ ಎಪ್ಪತ್ತು.
ಓದಿದ ಕರ್ನಲನ 'ಬಹುದು' ನೂರಕ್ಕೆ ಹತ್ತು.
ನಡುವೆ ಉಳಿದ ಅರವತ್ತರ ಮೇಲೆ ಜೀಪು ಹೋಯಿತು.
ಒಂದೇ ಹೆಸರು ಹೇಳಿದಳು: ಕೌಪೊ.
ಕನ್ನಡಕ ಒರೆಸಿಕೊಂಡಳು. ಕನ್ನಡಕ ಮಸುಕಾಗಿರಲಿಲ್ಲ.

ಕೊನೆಗೆ ಹೋದ ಹಾಳೆಯಲ್ಲಿ ಇದ್ದದ್ದು ಇಷ್ಟು:
ದಾಳಿಯ ಸಾಧ್ಯತೆ ನೂರಕ್ಕೆ ಇಪ್ಪತ್ತೈದು.
ನಮ್ಮ ಭರವಸೆ ಮಧ್ಯಮ.
ರಕ್ತದ ಗಾಡಿ ಬಂದರೆ, ಶಿಶುವಿಹಾರದ ಚೀಟಿ ಕಿತ್ತರೆ
ಈ ಹಾಳೆಯನ್ನು ಹರಿದುಹಾಕಿ.
ಮಂತ್ರಿಗಳ ಕಚೇರಿಯಿಂದ ಫೋನು: ಹೌದೋ ಅಲ್ಲವೋ, ಒಂದು ಹೇಳಿ.
ಇಪ್ಪತ್ತೈದು, ಅಂದಳು ಉರ್ವೆ.
ಅಲ್ಲ, ಹೌದೋ ಅಲ್ಲವೋ?
ಇಪ್ಪತ್ತೈದು.

ಮಾರ್ಚಿನಲ್ಲಿ ಬೋಗಿಗಳು ಬಂದ ದಾರಿಯಲ್ಲೇ ಹೋದವು.
ಆಗ ಯಾರ ಫೋನೂ ಇಲ್ಲ.
ನಾವು ಸರಿಯಿದ್ದೆವೋ, ಕಾಗೆ ಕೂತದ್ದಕ್ಕೂ
ಕೊಂಬೆ ಮುರಿದದ್ದಕ್ಕೂ ಸರಿಹೋಯಿತೋ.
ನಾಲ್ಕರಲ್ಲಿ ಮೂರು ಪಾಲು ನಡೆಯದು ಎಂದದ್ದು
ಒಮ್ಮೆ ನಡೆಯಲಿಲ್ಲ. ಅದರಿಂದ ಏನು ಕಲಿಯುವುದು?

ಅವಳು ನಿವೃತ್ತಳಾದ ಸಂಜೆ ಟ್ರಾಮಿನಲ್ಲಿ ಜೊತೆಗಿದ್ದೆ.
ಮಡಿಲಲ್ಲಿ ಕಚೇರಿಯ ಗಿಡ, ಹಳೆಯ ಚಹಾ ಲೋಟ.
ಎದುರು ಕೂತವನ ಎಡಗಾಲಿನ ಬೂಟು ಮಾತ್ರ ಒದ್ದೆ.
ಮೊಣಕೈಯಿಂದ ತಿವಿದಳು: "ಮೂರು ಕಾರಣ ಹೇಳು."

ಎರಡು ಹೇಳಿದೆ.
ಅಷ್ಟರಲ್ಲಿ ಅವಳ ನಿಲ್ದಾಣ ಬಂತು.